ಎರಡೂರಿನ ಪೇಷಂಟು

ಕೆಂಚವೀರಪ್ಪನವರಿಗೆ ಸಕ್ಕರೆ ಕಾಯಿಲೆ ಇರುವುದು ದಾವಣಗೆರೆಯ ಮಂಡಿಪೇಟೆಗೆಲ್ಲ ಗೊತ್ತಿತ್ತು. ಗೊತ್ತೇ ಇಲ್ಲದವರಂತೆ ಓಡಾಡಿಕೊಂಡಿದ್ದವರು ಅವರೊಬ್ಬರೇ. ಅರವತ್ತಾರು ವರ್ಷ, ದುಂಡಗಿನ ಮೈ, ಹಣೆಯ ಮೇಲೆ ವಿಭೂತಿ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಪ್ಪನ ಕಾಲದಿಂದ ಬಂದ ಗೋಣಿಚೀಲದ ವ್ಯಾಪಾರ. ಮೆಕ್ಕೆಜೋಳ, ಭತ್ತ ತುಂಬುವವರಿಗೆ ಹೊಸ ಚೀಲ ಮಾರುವುದು, ಹರಿದ ಚೀಲ ಕೊಂಡು ಹೊಲಿಸಿ ಮತ್ತೆ ಮಾರುವುದು, ಇದೇ ಅವರ ಕೆಲಸ.

ಅಂಗಡಿ ಎರಡಿದ್ದವು. ಸೋಮವಾರದಿಂದ ಬುಧವಾರದವರೆಗೆ ದಾವಣಗೆರೆಯದು, ಗುರುವಾರದಿಂದ ಶನಿವಾರದವರೆಗೆ ಹರಿಹರದ್ದು. ಎರಡೂರಿನ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಿತ್ತು. ಬರುತ್ತಿರಲಿಲ್ಲ. ಹರಿಹರದಲ್ಲಿ ಅವರ ಅಕ್ಕ ಹಾಲವ್ವನವರ ಮನೆ ಇತ್ತು, ಹಾಲವ್ವನವರ ಮನೆಯಲ್ಲಿ ಶೇಂಗಾ ಹೋಳಿಗೆ ಇತ್ತು.

ದಾವಣಗೆರೆಯ ಮನೆಯಲ್ಲಿ ಆ ಭಾಗ್ಯ ಇರಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಎಂದ ದಿನವೇ ಹೆಂಡತಿ ಕಸ್ತೂರಮ್ಮ ಬೆಲ್ಲದ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತಿಟ್ಟಿದ್ದರು. ಐದು ವರ್ಷವಾಗಿತ್ತು, ಡಬ್ಬಿ ಇನ್ನೂ ಮೇಲೆ ಬಂದಿರಲಿಲ್ಲ.

"ಯಾಕ್ರಿ ಮೂರು ದಿನ ಅಲ್ಲೇ ಉಳ್ಕೊಂತೀರಿ? ದಿನಾ ಬಂದು ಹೋಗ್ರಿ," ಎಂದು ಕಸ್ತೂರಮ್ಮ ಆಗಾಗ ಕೇಳುತ್ತಿದ್ದರು.

"ಬಸ್ಸಿನಾಗೆ ಸೊಂಟ ಹಿಡ್ಕೊಂತೈತೆ," ಎನ್ನುತ್ತಿದ್ದರು ಇವರು. ಅದೇ ಸೊಂಟ ಗುರುವಾರ ಬೆಳಿಗ್ಗೆ ಓಡಿಹೋಗಿ ಬಸ್ಸು ಹತ್ತುವಾಗ ಎಲ್ಲೂ ಹಿಡಿದುಕೊಳ್ಳುತ್ತಿರಲಿಲ್ಲ.

ಮಾತ್ರೆಗಳು ಅವರ ಜೇಬಿನಲ್ಲಿ ಇರುತ್ತಿದ್ದವು. ಹೊಟ್ಟೆಗೆ ಹೋಗುವುದು ನೆನಪಾದಾಗ ಮಾತ್ರ.

ಆ ವರ್ಷ ಬೇಸಿಗೆ ಕಳೆಯುತ್ತಿದ್ದಂತೆ ಸರ್ಕಾರ ಹೊಸದೊಂದು ಪ್ರಯೋಗ ಶುರು ಮಾಡಿತು. ಅದಕ್ಕೆ ದಾವಣಗೆರೆಯ ಒಂದು ವಾರ್ಡ್ ಕ್ಲಿನಿಕ್ಕನ್ನೂ ಹರಿಹರದ ಒಂದು ವಾರ್ಡ್ ಕ್ಲಿನಿಕ್ಕನ್ನೂ ಆರಿಸಿದ್ದರು. ಇದನ್ನು ತಲೆಯ ಮೇಲೆ ಹೊತ್ತು ನಡೆಸುತ್ತಿದ್ದವರು ಡಾಕ್ಟರ್ ಪದ್ಮಶ್ರೀ ಎಂಬ ಅಧಿಕಾರಿ. ಎರಡು ವರ್ಷ ಬೆಂಗಳೂರಿಗೆ ಓಡಾಡಿ, ಮೇಲಿನವರಿಗೆ ಹೇಳಿ ಹೇಳಿ ಒಪ್ಪಿಸಿದ್ದರು.

ಮೊದಲ ಮೀಟಿಂಗಿನಲ್ಲಿ ಎರಡೂ ಕ್ಲಿನಿಕ್ಕಿನವರನ್ನು ಕೂರಿಸಿಕೊಂಡು ಅವರು ಹೇಳಿದರು: "ಇಷ್ಟು ದಿನ ನಾವು ಏನು ಕೇಳ್ತಿದ್ವಿ? ಎಷ್ಟು ಜನ ಬಂದ್ರು, ಎಷ್ಟು ಮಾತ್ರೆ ಕೊಟ್ರಿ ಅಂತ. ಯಾರಿಗೆ ವಾಸಿ ಆಯ್ತು ಅಂತ ಯಾರೂ ಕೇಳ್ಲಿಲ್ಲ. ಇನ್ಮೇಲೆ ನಿಮ್ಮ ವಾರ್ಡಿನ ಮನೆಮನೆಗೂ ಹೋಗಿ ಪಟ್ಟಿ ಮಾಡ್ರಿ. ಆ ಪಟ್ಟಿಯಲ್ಲಿ ಎಷ್ಟು ಜನರ ಬಿಪಿ, ಶುಗರ್ ಹತೋಟಿಗೆ ಬರುತ್ತೋ, ಅದನ್ನ ನೋಡಿ ನಿಮ್ಮ ಕ್ಲಿನಿಕ್ಕಿಗೂ ನಿಮಗೂ ವರ್ಷದ ಕೊನೇಲಿ ಪ್ರೋತ್ಸಾಹಧನ."

ಎಲ್ಲರೂ ಚಪ್ಪಾಳೆ ತಟ್ಟಿದರು. ದಾವಣಗೆರೆಯ ಕ್ಲಿನಿಕ್ಕಿನವರಿಗೆ ಹೊರಗೆ ಬಿಸಿಲಲ್ಲಿ ಕಾಯುವ ಜನರಿಗೆ ಒಂದು ನೆರಳು ಹಾಕಿಸಬೇಕಿತ್ತು. ಹರಿಹರದವರಿಗೆ ಕರೆಂಟ್ ಹೋದಾಗಲೂ ಫ್ಯಾನು, ಫ್ರಿಜ್ಜು ಓಡುವಂತೆ ಒಂದು ಇನ್ವರ್ಟರ್ ಬೇಕಿತ್ತು.

ದಾವಣಗೆರೆಯ ನರ್ಸ್ ರೂಪಶ್ರೀ ಆವರಗೆರೆಯವಳು. ಮೂವತ್ತೆರಡು ವರ್ಷ, ಮಾತು ಕಾಲು ಎರಡೂ ಚುರುಕು. ಒಂದು ಸೋಮವಾರ ಬೆಳಿಗ್ಗೆ ಸ್ಕೂಟಿಯಲ್ಲಿ ಪಟ್ಟಿ ಮಾಡುತ್ತ ಕೆಂಚವೀರಪ್ಪನವರ ಮನೆಗೆ ಬಂದಳು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದಳು. ಮಿಷನ್ನು ಮುನ್ನೂರ ನಲವತ್ತೆರಡು ತೋರಿಸಿತು.

"ಸಾವ್ಕಾರ್ರೆ, ರಾತ್ರಿ ಏನ್ ಊಟ ಮಾಡಿದ್ರಿ?"

"ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ."

"ರೊಟ್ಟಿ ತಿಂದ್ರೆ ಇಷ್ಟು ಬರಲ್ರಿ."

"ನಿಮ್ ಮಿಷನ್ನು ಎಲ್ಲಿ ಮಾಡಿದ್ದವ್ವ?" ಎಂದು ಕೆಂಚವೀರಪ್ಪ ಅದನ್ನು ತಿರುಗಿಸಿ ನೋಡಿದರು.

ಕಸ್ತೂರಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. "ನಿನ್ನೆ ಮಧ್ಯಾಹ್ನ ಹರಿಹರದಿಂದ ಬಂದಾರೆ," ಎಂದಷ್ಟೇ ಹೇಳಿ ಒಳಗೆ ಹೋದರು.

ರೂಪಶ್ರೀ ಎರಡು ತಿಂಗಳು ಅವರ ಬೆನ್ನು ಬಿಡಲಿಲ್ಲ. ಮಾತ್ರೆ ಮನೆಗೇ ತಂದುಕೊಟ್ಟಳು, ಫೋನ್ ಮಾಡಿದಳು, ಅಂಗಡಿಗೆ ಹೋಗಿ ಬೈದಳು. ಅವರು ನಗುತ್ತ ಚಹಾ ತರಿಸಿ ಕೊಟ್ಟರು. ಚಹಾಕ್ಕೆ ಸಕ್ಕರೆ ಹಾಕಿಸಿಯೇ ತರಿಸಿದರು. ಮೂರನೆಯ ತಿಂಗಳು ಎರಡೂ ಕ್ಲಿನಿಕ್ಕುಗಳ ಲೆಕ್ಕ ಬಂದಾಗ ಹರಿಹರ ಸ್ವಲ್ಪ ಮುಂದಿತ್ತು. ರೂಪಶ್ರೀ ಯೋಜನೆಯ ಪುಸ್ತಕವನ್ನು ಮೊದಲಿಂದ ಓದಿದಳು. ಹನ್ನೊಂದನೆಯ ಪುಟದಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ವಾರದಲ್ಲಿ ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ಬೇರೆ ಕಡೆ ವಾಸಿಸುವವರ ಹೆಸರನ್ನು ಅಲ್ಲಿನ ಕ್ಲಿನಿಕ್ಕಿಗೆ ವರ್ಗ ಮಾಡಬಹುದು ಎಂದು ಅಲ್ಲಿ ಬರೆದಿತ್ತು.

ಅವತ್ತು ಸಂಜೆಯೇ ಕೆಂಚವೀರಪ್ಪನವರು ಕಂಪ್ಯೂಟರಿನಲ್ಲಿ ಹರಿಹರಕ್ಕೆ ಹೋದರು.

ಹರಿಹರದ ಕ್ಲಿನಿಕ್ಕಿನ ನರ್ಸ್ ಬುಷ್ರಾ. ಮೆತ್ತಗೆ ಮಾತಾಡುವ ಹುಡುಗಿ, ಆದರೆ ಯಾರಿಗೂ ಅವಳನ್ನು ಯಾಮಾರಿಸಲು ಆಗುತ್ತಿರಲಿಲ್ಲ. ಹೊಸ ಹೆಸರು ಕಂಡಳು, ಪಕ್ಕದಲ್ಲಿ ಮುನ್ನೂರ ನಲವತ್ತೆರಡು ಕಂಡಳು, ಅವಳೂ ಹನ್ನೊಂದನೆಯ ಪುಟ ತೆಗೆದಳು. ಮರುದಿನ ಬೆಳಿಗ್ಗೆ ಕೆಂಚವೀರಪ್ಪನವರು ದಾವಣಗೆರೆಗೆ ವಾಪಸ್ ಬಂದರು. ರೂಪಶ್ರೀ ಫೋನ್ ಮಾಡಿದಳು.

"ಅಲ್ರಿ ಸಿಸ್ಟರ್, ವಾರಕ್ಕೆ ಏಳು ದಿನ," ಎಂದಳು ಬುಷ್ರಾ. "ಮೂರು ನಿಮ್ದು, ಮೂರು ನಮ್ದು. ಭಾನುವಾರ ಎಲ್ಲಿರ್ತಾರೆ? ಹೆಂಡ್ತಿ ಹತ್ರ. ಹೆಂಡ್ತಿ ಎಲ್ಲದಾರೆ? ದಾವಣಗೆರೆಯಾಗೆ."

"ಶನಿವಾರ ರಾತ್ರಿ ಹರಿಹರದಾಗೇ ಮಲಗ್ತಾರಲ್ಲ! ಭಾನುವಾರ ಮಧ್ಯಾಹ್ನ ಊಟ ಮುಗಿಸ್ಕೊಂಡೇ ಬಸ್ ಹತ್ತೋದು. ಅರ್ಧ ಭಾನುವಾರ ನಿಮ್ದೇ."

"ಅರ್ಧ ದಿನಕ್ಕೆ ಇಡೀ ಮನುಷ್ಯನ್ನ ಕಳಿಸ್ತೀರೇನ್ರಿ?"

ಹೀಗೆ ಒಂದು ತಿಂಗಳಲ್ಲಿ ಅವರ ಹೆಸರು ಏಳು ಸಲ ಅತ್ತಿಂದಿತ್ತ ಓಡಾಡಿತು. ಕೆಂಚವೀರಪ್ಪನವರಿಗೆ ಇದಾವುದೂ ಗೊತ್ತಿರಲಿಲ್ಲ. ಗೊತ್ತಾದದ್ದು ಮಾತ್ರೆ ಮುಗಿದಾಗ. ಕಸ್ತೂರಮ್ಮನ ಕಾಟಕ್ಕೆ ಒಂದು ಬುಧವಾರ ತಾವೇ ಕ್ಲಿನಿಕ್ಕಿಗೆ ಹೋದರು. ರೂಪಶ್ರೀ ಇರಲಿಲ್ಲ. ಕಿಟಕಿಯಲ್ಲಿ ಕೂತಿದ್ದವರು ಕಂಪ್ಯೂಟರ್ ನೋಡಿ, "ನಿಮ್ ಹೆಸ್ರು ಹರಿಹರದಾಗೈತೆ, ಅಲ್ಲಿ ಕೇಳ್ರಿ," ಎಂದರು. ಗುರುವಾರ ಹರಿಹರದಲ್ಲಿ ಕೇಳಿದರು. "ನಿಮ್ದು ಇವತ್ತು ಬೆಳಿಗ್ಗೆನೇ ದಾವಣಗೆರೆಗೆ ಹೋತ್ರಿ," ಎಂದರು ಅಲ್ಲಿನವರು.

ಮೊದಲು ಅವರಿಗೆ ಖುಷಿಯಾಯಿತು. ಭಾನುವಾರ ಮನೆಗೆ ಬಂದವರೇ, "ನೋಡು ಕಸ್ತೂರಿ, ಸರ್ಕಾರನೇ ನನ್ನ ಬಿಟ್ಟೈತೆ. ನಂಗೇನೂ ಇಲ್ಲ ಅಂತ ತಾನೇ?" ಎಂದರು. ಕಸ್ತೂರಮ್ಮ ಅವರ ತಟ್ಟೆಗೆ ಹಾಗಲಕಾಯಿ ಪಲ್ಯ ಬಡಿಸಿದರು.

ಆದರೆ ಸೋಮವಾರ ಇದನ್ನೇ ಪಕ್ಕದ ಹಗ್ಗದಂಗಡಿಯ ಮಕ್ತುಮ್ ಸಾಬ್‌ಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು.

"ಯಾ ಅಲ್ಲಾ! ಸಾವ್ಕಾರ್, ಹರ್ದ ಚೀಲಾನೂ ಯಾರೋ ಒಬ್ರು ತಗೊಂತಾರೆ. ನಿಮ್ಮನ್ನ ಎರಡೂರವ್ರೂ ವಾಪಸ್ ಕಳಸ್ಯಾರಲ್ರಿ!"

ಚಹಾದಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ಕೆಂಚವೀರಪ್ಪನವರೂ ನಕ್ಕರು. ಅಂಗಡಿಗೆ ಬಂದು ಕೂತ ಮೇಲೆ ನಗು ಬರಲಿಲ್ಲ. ನಲವತ್ತು ವರ್ಷದ ವ್ಯಾಪಾರದಲ್ಲಿ ಅವರ ಮಾಲು ಒಂದು ಸಲವೂ ವಾಪಸ್ ಬಂದಿರಲಿಲ್ಲ. ಈಗ ಅವರೇ ವಾಪಸ್ ಬಂದಿದ್ದರು. ಅದೂ ಎರಡೂ ಕಡೆಯಿಂದ. ಮಧ್ಯಾಹ್ನ ಊಟಕ್ಕೂ ಹೋಗದೆ ಆಟೋ ಹತ್ತಿ, ವಿಚಾರಿಸಿಕೊಂಡು ಪದ್ಮಶ್ರೀಯವರ ಆಫೀಸಿಗೆ ಹೋದರು.

ಅರ್ಧ ದಿನ ಬೆಂಚಿನ ಮೇಲೆ ಕೂರಿಸುತ್ತಾರೆ ಎಂದುಕೊಂಡಿದ್ದರು. ಹಾಗಾಗಲಿಲ್ಲ. "ಬರ್ರಿ, ಕೂಡ್ರಿ," ಎಂದು ಪದ್ಮಶ್ರೀಯವರೇ ಕುರ್ಚಿ ತೋರಿಸಿದರು. ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡಿದ್ದರು.

"ಮೇಡಂ, ನನ್ನನ್ನ ಒಂದು ಮಾಲು ಅಂತ ತಿಳ್ಕೊಳ್ರಿ," ಎಂದರು ಕೆಂಚವೀರಪ್ಪ. "ದಾವಣಗೆರೆಯವ್ರು ಹರಿಹರದ್ದು ಅಂತಾರೆ, ಹರಿಹರದವ್ರು ದಾವಣಗೆರೇದು ಅಂತಾರೆ. ನಾ ಯಾರ ಮಾಲು ಅಂತ ನೀವೇ ಹೇಳ್ರಿ."

ಪದ್ಮಶ್ರೀಯವರಿಗೆ ನಗು ಬಂತು. ಕನ್ನಡಕ ಇಳಿಸಿ ಕಂಪ್ಯೂಟರ್ ನೋಡಿದ ಮೇಲೆ ನಗು ನಿಂತಿತು. ಏಳು ಸಲ ಓಡಾಡಿದ ಹೆಸರು ಕಣ್ಣೆದುರು ಇತ್ತು. ಏನೋ ಹೊಳೆದು, ಎರಡೂ ಕ್ಲಿನಿಕ್ಕಿನಿಂದ ವರ್ಗವಾದವರನ್ನೆಲ್ಲ ಒಟ್ಟಿಗೆ ತೆಗೆದರು. ನಲವತ್ತೊಂದು ಜನ ಇದ್ದರು. ಲಾರಿ ಡ್ರೈವರುಗಳು, ಬಾಣಂತನಕ್ಕೆ ತವರಿಗೆ ಬಂದವರು, ಕೂಲಿಗೆ ಊರೂರು ತಿರುಗುವವರು. ಎಲ್ಲರ ಬಿಪಿ, ಇಲ್ಲವೇ ಶುಗರ್, ಮೇಲೇ ಇತ್ತು. ಹತೋಟಿಯಲ್ಲಿದ್ದ ಒಬ್ಬರನ್ನೂ ಯಾರೂ ಬಿಟ್ಟುಕೊಟ್ಟಿರಲಿಲ್ಲ.

ಪಟ್ಟಿಯನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದ ಪದ್ಮಶ್ರೀಯವರ ಮುಖ ಬಾಡಿತು.

"ಸಿಸ್ಟರ್‌ಗಳಿಗೆ ಬೈಬ್ಯಾಡ್ರಿ ಮೇಡಂ," ಎಂದರು ಕೆಂಚವೀರಪ್ಪ. ಬಂದದ್ದು ಜಗಳಕ್ಕೆ, ಆದರೆ ಆ ಮುಖ ನೋಡಿ ಹಾಗೆ ಹೇಳಬೇಕೆನಿಸಿತು. "ಆ ಹುಡುಗಿ ನನ್ ಹಿಂದೆ ಬಾಳ ಒದ್ದಾಡ್ಯಾಳೆ."

"ತಪ್ಪು ಅವರದಲ್ಲ. ರೂಲ್ಸ್ ಬರೆದವಳು ನಾನು," ಎಂದರು ಪದ್ಮಶ್ರೀ. ಆಮೇಲೆ ತಟ್ಟನೆ ಕೇಳಿದರು: "ನಿಮ್ಮ ಅಂಗಡೀಲಿ ಹರಿದ ಚೀಲ ಹೊಲಿಯೋರು ಇದಾರಲ್ಲ, ಅವರಿಗೆ ಕೂಲಿ ಹೆಂಗೆ ಕೊಡ್ತೀರಿ?"

"ಹರಕು ನೋಡಿ ಕೊಡ್ತೀವ್ರಿ. ಸಣ್ಣ ತೂತಿಗೆ ಒಂದು ರೇಟು, ದೊಡ್ಡ ಹರಕಿಗೆ ಇನ್ನೊಂದು ರೇಟು."

"ಎಲ್ಲದಕ್ಕೂ ಒಂದೇ ರೇಟು ಇಟ್ರೆ?"

"ನಮ್ಮಪ್ಪ ಒಂದ್ಸಲ ಇಟ್ಟಿದ್ದ. ಎಲ್ರೂ ಸಣ್ಣ ತೂತಿಂದೇ ಆರಿಸ್ಕೊಂಡು ಕುಂತ್ರು. ದೊಡ್ಡ ಹರಕಿನವು ಮೂಲೇಗೆ ಬಿದ್ವು, ಇಲಿ ಮರಿ ಹಾಕ್ದವು."

ಪದ್ಮಶ್ರೀ ಪೆನ್ನು ಎತ್ತಿಕೊಂಡು ಇದನ್ನು ಬರೆದುಕೊಂಡರು. ಇಲಿಯ ವಿಷಯವನ್ನೂ ಬರೆದುಕೊಂಡರೋ ಏನೋ, ಕೆಂಚವೀರಪ್ಪನವರಿಗೆ ಕಾಣಲಿಲ್ಲ.

ನಿಯಮ ಬದಲಾಗಲು ಆರು ವಾರ ಹಿಡಿಯಿತು. ಅಷ್ಟರಲ್ಲಿ ಪದ್ಮಶ್ರೀಯವರು ನಾಲ್ಕು ಸಲ ಬೆಂಗಳೂರಿಗೆ ಹೋಗಿ ಬಂದರು. ಪ್ರಯೋಗ ಶುರುವಾಗಿ ಅರ್ಧ ವರ್ಷವೂ ಆಗಿಲ್ಲ, ಈಗಲೇ ಬದಲಿಸಿದರೆ ಮೊದಲು ಮಾಡಿದ್ದು ತಪ್ಪು ಎಂದು ನಾವೇ ಒಪ್ಪಿಕೊಂಡಂತೆ ಆಗುವುದಿಲ್ಲವೇ ಎಂದು ಮೇಲಿನವರೊಬ್ಬರು ಕೇಳಿದರಂತೆ. "ಹೌದು ಸರ್, ಒಪ್ಪಿಕೊಳ್ಳೋಣ," ಎಂದು ಇವರು ಹೇಳಿದರಂತೆ. ಕೊನೆಗೆ ಆದೇಶ ಬಂತು. ಕಾಯಿಲೆ ಜಾಸ್ತಿ ಇದ್ದವರನ್ನು ಹತೋಟಿಗೆ ತಂದರೆ ಕ್ಲಿನಿಕ್ಕಿಗೆ ಮೂರು ಪಟ್ಟು ಅಂಕ. ಎರಡು ಕಡೆ ಇರುವವರು ಯಾವ ಕ್ಲಿನಿಕ್ಕಿಗೆ ಸೇರಬೇಕೆಂದು ತಾವೇ ಹೇಳಬೇಕು, ಅವರನ್ನು ಯಾರೂ ವರ್ಗ ಮಾಡುವಂತಿಲ್ಲ.

ಆದೇಶ ಶನಿವಾರ ಬಂತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೆಂಚವೀರಪ್ಪನವರು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ರೂಪಶ್ರೀಯ ಸ್ಕೂಟಿ ನಿಂತಿತ್ತು. ಅವಳು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಆಟೋದಿಂದ ಬುಷ್ರಾ ಇಳಿದಳು. ಹರಿಹರದಿಂದ ಮೊದಲನೆಯ ಬಸ್ಸಿಗೆ ಬಂದಿದ್ದಳು.

"ನೀವ್ಯಾಕ ಇಲ್ಲಿಗೆ ಬಂದ್ರಿ?" ಎಂದಳು ರೂಪಶ್ರೀ.

"ಅರ್ಧ ಭಾನುವಾರ ನಮ್ದೇ ಅಂದಿದ್ರಲ್ಲ, ಕೇಳಾಕೆ ಬಂದೆ," ಎಂದಳು ಬುಷ್ರಾ ಮೆತ್ತಗೆ.

ಕೆಂಚವೀರಪ್ಪನವರಿಗೆ ವಿಷಯ ತಿಳಿಯಲು ಎರಡು ನಿಮಿಷ ಸಾಕಾಯಿತು. ಹೊಸ ಚೀಲದ ಎರಡು ಕಟ್ಟು ಎಳೆದು ಹಾಕಿಸಿ, "ಕೂಡ್ರಿ ತಂಗೀ, ಇಬ್ರೂ ಕೂಡ್ರಿ," ಎಂದರು. ಮಕ್ತುಮ್ ಸಾಬ್ ತಮ್ಮ ಅಂಗಡಿ ಬಿಟ್ಟು ಬಂದು ನಡುವೆ ನಿಂತರು.

"ಎರಡು ತಿಂಗಳ ಮಾತ್ರೆ ಒಟ್ಟಿಗೇ ಮನೇಗೆ ತಂದುಕೊಡ್ತೀನಿ ಸಾವ್ಕಾರ್ರೆ," ಎಂದಳು ರೂಪಶ್ರೀ.

"ನಾನೂ ತಂದುಕೊಡ್ತೀನಿ. ದಿನಾ ಬೆಳಿಗ್ಗೆ ಫೋನ್ ಮಾಡಿ ನೆನಪೂ ಮಾಡ್ತೀನಿ," ಎಂದಳು ಬುಷ್ರಾ.

"ಕ್ಯೂನಾಗೆ ನಿಲ್ಲಂಗಿಲ್ಲ, ಸೀದಾ ಡಾಕ್ಟರ ಹತ್ರ."

"ನಮ್ ಡಾಕ್ಟರೇ ನಿಮ್ ಅಂಗ್ಡೀಗೆ ಬರ್ತಾರೆ."

"ಹರಿಹರ ಒಂದ್ಸಲ!" ಎಂದು ಮಕ್ತುಮ್ ಸಾಬ್ ಹರಾಜು ಕೂಗುವವರಂತೆ ಕೈ ಎತ್ತಿದರು. "ಹರಿಹರ ಎರಡ್ಸಲ! ದಾವಣಗೆರೆ ಏನಂತೀರಿ?"

ಕೆಂಚವೀರಪ್ಪನವರು ಕಾಲು ಮೇಲೆ ಕಾಲು ಹಾಕಿ ಕೂತಿದ್ದರು. ಇಷ್ಟು ಸುಖ ಅವರಿಗೆ ಹೋಳಿಗೆಯಲ್ಲೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಹೊರಗೆ ಲಾರಿಯಿಂದ ಚೀಲದ ಬೇಲು, ಅಂದರೆ ಬಿಗಿದು ಕಟ್ಟಿದ ಹೊರೆ, ಇಳಿಸುತ್ತಿದ್ದ ಹಮಾಲಿ ಹುಲಿಯಪ್ಪ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತದ್ದು ಕಾಣಿಸಿತು. ಹುಲಿಯಪ್ಪ ಮಾಯಕೊಂಡದ ಕಡೆಯವನು, ಇಪ್ಪತ್ತೆರಡು ವರ್ಷದಿಂದ ಅವರಲ್ಲಿ ಬೇಲು ಹೊರುತ್ತಿದ್ದ. ಈಚೆಗೆ ಹೀಗೆ ಕೂರುವುದು ಜಾಸ್ತಿಯಾಗಿತ್ತು. ಬಿಸಿಲಿಗೆ ಎಂದು ಅವನೂ ಅಂದುಕೊಂಡಿದ್ದ, ಇವರೂ ಅಂದುಕೊಂಡಿದ್ದರು.

"ನಿಮ್ ಕ್ಲಿನಿಕ್ಕು ಎಷ್ಟೊತ್ತಿಗೆ ತೆಗೀತೈತವ್ವ?" ಎಂದು ಕೇಳಿದರು.

"ಒಂಬತ್ತಕ್ಕೆ. ಸಂಜೆ ನಾಲ್ಕೂವರೆಗೆ ಮುಚ್ತೈತೆ," ಎಂದಳು ರೂಪಶ್ರೀ.

"ನಮ್ ಹಮಾಲ್ರು ಆರಕ್ಕೆ ಬರ್ತಾರೆ, ಏಳಕ್ಕೆ ಮನೇಗೆ ಹೋಗ್ತಾರೆ. ಅವ್ರು ನಿಮ್ಮನ್ನ ಯಾವಾಗ ನೋಡ್ಬೇಕು?"

ಇಬ್ಬರೂ ಹುಲಿಯಪ್ಪನ ಕಡೆ ತಿರುಗಿ ನೋಡುತ್ತಿದ್ದಂತೆ ಕೆಂಚವೀರಪ್ಪ ಮುಂದುವರಿಸಿದರು:

"ನಂಗೆ ಡಾಕ್ಟ್ರು ಅಂಗ್ಡೀಗೆ ಬರೋದು ಬ್ಯಾಡ. ವಾರಕ್ಕೊಂದಿನ ಬೆಳಿಗ್ಗೆ ಆರಕ್ಕೆ ನೀವು ಮಿಷನ್ ತಗೊಂಡು ಮಂಡಿಗೆ ಬರ್ರಿ. ಯಾರು ಬರ್ತಾರೋ, ನಾ ಅವ್ರ ಪೇಷಂಟು."

ರೂಪಶ್ರೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮನೆಯಲ್ಲಿ ಸ್ಕೂಲಿಗೆ ಹೋಗುವ ಮಗಳಿದ್ದಳು, ಡಬ್ಬಿ ಕಟ್ಟಬೇಕಿತ್ತು. ಒಂದು ದಿನ ಗಂಡ ಕಟ್ಟಲಿ ಎಂದುಕೊಂಡು, "ಬುಧವಾರ ಬರ್ತೀನಿ," ಎಂದಳು. "ಮೇಡಮ್ಮಾರ ಹತ್ರ ಮಾತಾಡಿ, ಅವತ್ತು ಮಧ್ಯಾಹ್ನ ಬೇಗ ಬಿಡಿಸ್ಕೊಂತೀನಿ."

ಬುಷ್ರಾಳ ಮುಖ ಸಣ್ಣದಾಯಿತು. ಅಷ್ಟು ದೂರದಿಂದ ಬಂದ ಹುಡುಗಿಯನ್ನು ಬರಿಗೈಯಲ್ಲಿ ಕಳಿಸುವುದು ಕೆಂಚವೀರಪ್ಪನವರಿಗೆ ಸರಿ ಕಾಣಲಿಲ್ಲ.

"ಹರಿಹರದ ಅಂಗ್ಡೀಲೂ ಹಮಾಲ್ರದಾರೆ, ನೀನು ಅಲ್ಲಿ ಗುರುವಾರ ಬಾ. ಜೊತೀಗೆ ನಮ್ಮಕ್ಕನ್ನ ಕೊಡ್ತೀನಿ. ಎಪ್ಪತ್ತೆರಡು ವರ್ಷ. ಒಂದಿನಾನೂ ಚೆಕ್ ಮಾಡ್ಸಿಲ್ಲ."

"ಹಾಲವ್ವ ಅಜ್ಜೀನಾ? ಮೂರ್ಸಲ ಹೋಗೀನ್ರಿ, ಬಾಗ್ಲೇ ತೆಗಿಯಲ್ಲ. ನಂಗೇನಾಗೈತೆ ಹೋಗು ಅಂತ ಕಿಟಕೀಲೇ ಕಳಿಸ್ತಾರೆ."

"ಬಾಗ್ಲು ನಾ ತೆಗಿಸ್ತೀನಿ," ಎಂದರು ಕೆಂಚವೀರಪ್ಪ.

ಬುಧವಾರ ಬೆಳಕು ಹರಿಯುತ್ತಿದ್ದಂತೆ ರೂಪಶ್ರೀ ಮಂಡಿಗೆ ಬಂದಳು. ಹಮಾಲರು ಮೊದಲು ಹತ್ತಿರ ಬರಲಿಲ್ಲ. ಹೆಣ್ಣುಮಗಳ ಮುಂದೆ ತೋಳು ಚಾಚಿ ಕೂರಲು ಅವರಿಗೆ ನಾಚಿಕೆ. ಕೆಂಚವೀರಪ್ಪನವರೇ ಹುಲಿಯಪ್ಪನ ಹೆಗಲು ಹಿಡಿದು ಕೂರಿಸಿದರು. ರೂಪಶ್ರೀ ಬಿಪಿ ನೋಡಿದಳು, ಐದು ನಿಮಿಷ ಬಿಟ್ಟು ಮತ್ತೆ ನೋಡಿದಳು. ಎರಡನೆಯ ಸಲವೂ ಇನ್ನೂರು ದಾಟಿತ್ತು.

"ಇವತ್ತು ಒಂದು ಚೀಲಾನೂ ಎತ್ತಂಗಿಲ್ಲ. ಈಗ್ಲೇ ಡಾಕ್ಟರ ಹತ್ರ ಹೋಗ್ಬೇಕು," ಎಂದಳು.

"ಲಾರಿ ನಿಂತೈತಲ್ರಿ ಅಕ್ಕಾರೆ," ಎಂದು ಹುಲಿಯಪ್ಪ ಎದ್ದ. "ಸಂಜೀಗೆ ಹೋಗ್ತೀನಿ. ಇವತ್ತಿನ ಕೂಲಿ ಹೋಗ್ತೈತೆ."

"ಕೂಲಿ ಎಲ್ಲೂ ಹೋಗಲ್ಲ, ನೀ ಹೋಗು," ಎಂದರು ಕೆಂಚವೀರಪ್ಪ. ತಮ್ಮದೇ ಲಗೇಜ್ ಆಟೋ ತರಿಸಿದರು. ಅವನ ತೋಳು ಹಿಡಿದು ತಾವೇ ಹತ್ತಿಸಿದರು. ಇಪ್ಪತ್ತೆರಡು ವರ್ಷ ಈ ಮನುಷ್ಯ ಕಣ್ಣೆದುರಿಗೇ ಇದ್ದ. ಬೇಲು ಎಷ್ಟು ಇಳಿದವು ಎಂದು ದಿನಾ ಕೇಳುತ್ತಿದ್ದರು, ತಲೆನೋವು ಹೆಂಗೈತೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಹುಲಿಯಪ್ಪ ವಾಸಿಯಾಗಿ ವಾರದ ಮೇಲೆ ಕೆಲಸಕ್ಕೆ ಬಂದ. ಡಾಕ್ಟರು ಭಾರ ಎತ್ತುವುದು ಬೇಡ ಎಂದಿದ್ದರಿಂದ ಚೀಲ ಎಣಿಸಿ ಜೋಡಿಸುವ ಕಡೆ ಹಾಕಿದರು. ಆದರೆ ಮಾತ್ರೆ ನುಂಗುವ ವಿಷಯದಲ್ಲಿ ಅವನದೊಂದು ಹಟ. ಬುಧವಾರ ಎಲ್ಲರೆದುರು ರೂಪಶ್ರೀಗೆ ಹೇಳಿಬಿಟ್ಟ: "ಮೊದ್ಲು ಸಾವ್ಕಾರ್ರು ತಗೊಳ್ಲಿ, ಆಮೇಲೆ ನಾನು."

ಹಮಾಲರೆಲ್ಲ ತಿರುಗಿ ನೋಡಿದರು. ಕೆಂಚವೀರಪ್ಪನವರು ಜೇಬಿಗೆ ಕೈ ಹಾಕಿದರು. ಮಾತ್ರೆ ಇತ್ತು. ಬಾಯಿಗೆ ಹಾಕಿಕೊಂಡು, ಚೊಂಬೆತ್ತಿ ಗಟಗಟ ನೀರು ಕುಡಿದು, "ಹೂಂ, ಈಗ ನೀನು," ಎಂದರು. ಅಂದಿನಿಂದ ಇದು ದಿನದ ಪದ್ಧತಿಯಾಯಿತು. ಅವರು ಹರಿಹರದಲ್ಲಿದ್ದ ದಿನ ಹುಲಿಯಪ್ಪ ಫೋನ್ ಮಾಡಿ, "ಆತೇನ್ರಿ?" ಎಂದು ಕೇಳುತ್ತಿದ್ದ. ಆಗಿಲ್ಲ ಎಂದರೆ ಫೋನ್ ಇಡುತ್ತಿರಲಿಲ್ಲ.

ಹಾಲವ್ವನವರ ಸರದಿ ಆ ಮೊದಲ ವಾರದ ಗುರುವಾರವೇ ಬಂದಿತ್ತು. ಬಾಗಿಲು ಬಡಿದದ್ದು ತಮ್ಮನೆಂದು ಅವರು ಓಡಿ ಬಂದು ತೆಗೆದರು. ತಮ್ಮನ ಬೆನ್ನ ಹಿಂದೆ ಬುಷ್ರಾ ನಿಂತಿದ್ದಳು.

"ಏನೋ ವೀರಾ, ಇವಳನ್ನ ಕರ್ಕೊಂಡು ಬಂದೀಯ!"

"ಒಂದು ಹನಿ ರಕ್ತ ಅಕ್ಕಾ. ಸೊಳ್ಳೆ ಕಚ್ಚಿದಂಗೆ ಆಗ್ತೈತೆ."

ಒಂದು ಕೈಯಲ್ಲಿ ತಮ್ಮನಿಗೆ ಹೋಳಿಗೆಯ ತಟ್ಟೆ ಕೊಡುತ್ತ ಹಾಲವ್ವ ಇನ್ನೊಂದು ಕೈಯನ್ನು ಮುಖ ತಿರುಗಿಸಿಕೊಂಡು ಚಾಚಿದರು. ಬುಷ್ರಾ ಮಿಷನ್ನನ್ನು ಇಬ್ಬರಿಗೂ ಕಾಣುವಂತೆ ತಿರುಗಿಸಿದಳು. ಮುನ್ನೂರ ಎಂಬತ್ತೆಂಟು ಇತ್ತು. ತಮ್ಮನಿಗಿಂತ ನಲವತ್ತಾರು ಹೆಚ್ಚು.

"ಮಿಷನ್ ಕೆಟ್ಟೈತೆ," ಎಂದರು ಹಾಲವ್ವ.

"ನಾನೂ ಹಂಗೇ ಅಂದಿದ್ದೆ ಅಕ್ಕಾ," ಎಂದರು ಕೆಂಚವೀರಪ್ಪ. ಕೈಯಲ್ಲಿದ್ದ ಹೋಳಿಗೆಯನ್ನು ಒಂದು ಸಲ ನೋಡಿ ತಟ್ಟೆಯನ್ನು ಕೆಳಗಿಟ್ಟರು.

ಹಾಲವ್ವನವರು ತಟ್ಟೆಯನ್ನೇ ನೋಡುತ್ತ ಕೂತರು. ಅವ್ವ ತೀರಿಹೋದಾಗ ಈ ತಮ್ಮನಿಗೆ ನಾಲ್ಕು ವರ್ಷ, ಅವರಿಗೆ ಹತ್ತು. ಅಳುವುದನ್ನು ನಿಲ್ಲಿಸಲು ಅವತ್ತು ಕೈಗೆ ಒಂದು ಚೂರು ಬೆಲ್ಲ ಇಟ್ಟಿದ್ದರು. ಅಲ್ಲಿಂದ ಶುರುವಾದದ್ದು ನಿಂತೇ ಇರಲಿಲ್ಲ.

"ಹಂಗಾರೆ ನಿಂಗೆ ತಿನ್ಸಿ ತಿನ್ಸಿ ನಾನೇ ಹಾಳು ಮಾಡಿದ್ನೇನೋ?" ಎಂದರು.

"ನೀ ಏನ್ ಬಾಯಿಗೆ ತುರುಕಿದ್ಯಾ? ಕೇಳಿ ಕೇಳಿ ತಿಂದೋನು ನಾನು."

ಬುಷ್ರಾ ಅಜ್ಜಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ಅಜ್ಜೀ, ಇದು ಮಾತ್ರೇಗೂ ನಡಿಗೇಗೂ ಬಗ್ಗೋ ಕಾಯಿಲೆ. ನಿಮ್ಮಿಂದ ಆಗ್ತೈತೆ," ಎಂದಳು.

"ನನ್ನಿಂದ ಯಾಕ ಆಗಲ್ಲ?" ಎಂದು ಹಾಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವನ್ನ ಬೆಳ್ಸಿದೋಳು ನಾನು."

ಆ ಭಾನುವಾರ ಕೆಂಚವೀರಪ್ಪನವರು ಹೆಂಡತಿಯ ಮುಂದೆ ಕೂತು ಹೋಳಿಗೆಯ ವಿಷಯವನ್ನೆಲ್ಲ ಹೇಳಿಬಿಟ್ಟರು. ಬೈಗುಳಕ್ಕೆ ತಯಾರಾಗಿಯೇ ಕೂತಿದ್ದರು. ಕಸ್ತೂರಮ್ಮ ಹೂವು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ರಿ."

"ಯಾವಾಗಿಂದ?"

"ಐದು ವರ್ಷದಿಂದ. ನಿಮ್ ಅಂಗಿ ಒಗಿಯೋಳು ನಾನಲ್ಲೇನು? ಪ್ರತಿ ಭಾನುವಾರ ಜೇಬಿನಾಗೆ ಶೇಂಗಾ ಪುಡಿ."

"ಮತ್ತೆ ಯಾಕ ಕೇಳ್ಲಿಲ್ಲ?"

"ಅವ್ವ ಇಲ್ಲದ ತಮ್ಮಗೆ ಅಕ್ಕ ಕೊಡ್ತಾಳೆ. ನಾ ಹೆಂಗೆ ಬ್ಯಾಡ ಅನ್ಲಿ?" ಎಂದ ಕಸ್ತೂರಮ್ಮ ದಾರ ಕಚ್ಚಿ ತುಂಡು ಮಾಡಿದರು. "ಅದಕ್ಕೇ ಅವತ್ತು ಆ ಸಿಸ್ಟರ್‌ಗೆ ಹರಿಹರದ ಹೆಸ್ರು ಹೇಳಿದ್ದು. ಅವ್ರಾದ್ರೂ ಹಿಡೀಲಿ ಅಂತ."

ನಲವತ್ತು ವರ್ಷ ವ್ಯಾಪಾರ ಮಾಡಿಯೂ ಮನೆಯೊಳಗಿನ ಈ ಜಾಣತನ ಕೆಂಚವೀರಪ್ಪನವರ ಗಮನಕ್ಕೆ ಬಂದಿರಲಿಲ್ಲ.

ವರ್ಷದ ಕೊನೆಯಲ್ಲಿ ಅಂಕಗಳನ್ನು ಕೂಡಿಸಿದಾಗ ಎರಡು ಕ್ಲಿನಿಕ್ಕುಗಳ ನಡುವೆ ಹೆಚ್ಚು ಅಂತರ ಇರಲಿಲ್ಲ. ಯಾರು ಮುಂದೆ ಎಂದು ರೂಪಶ್ರೀಗೂ ಬುಷ್ರಾಳಿಗೂ ಇವತ್ತಿಗೂ ಜಗಳ ಇದೆ. ಅತ್ತಿಂದಿತ್ತ ತಳ್ಳಿಸಿಕೊಂಡಿದ್ದ ನಲವತ್ತೊಂದು ಜನರಲ್ಲಿ ಇಪ್ಪತ್ತಾರು ಜನರದು ಹತೋಟಿಗೆ ಬಂದಿತ್ತು. ಉಳಿದ ಹದಿನೈದು ಜನರ ಹೆಸರನ್ನು ಪದ್ಮಶ್ರೀಯವರು ಒಂದು ಹಾಳೆಯಲ್ಲಿ ಬರೆಸಿ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಮಂಡಿಯ ಬೆಳಗಿನ ಕ್ಲಿನಿಕ್ಕನ್ನು ಇನ್ನೂ ಎಂಟು ಕಡೆ ಶುರು ಮಾಡಲು ಅವರು ಮತ್ತೆ ಬೆಂಗಳೂರಿಗೆ ಓಡಾಡುತ್ತಿದ್ದರು.

ಚಳಿಗಾಲದ ಒಂದು ಶುಕ್ರವಾರ ಕೆಂಚವೀರಪ್ಪನವರು ಹರಿಹರದಲ್ಲಿ ಎದ್ದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಒಲೆ ತಣ್ಣಗಿತ್ತು. ಕಾಫಿ ಇಲ್ಲ. ಗಾಬರಿಯಾಗಿ ಅಕ್ಕನಿಗೆ ಫೋನ್ ಮಾಡಿದರು.

"ಹೊಳೆ ಹತ್ರ ಇದೀನೋ. ಬುಷ್ರಾ ಗುಂಪು ಕಟ್ಯಾಳೆ, ಈ ಸೋಮವಾರದಿಂದ ದಿನಾ ನಡೀತೀವಿ. ನೀನೂ ಬಾ."

ಪಂಚೆ ಎತ್ತಿ ಕಟ್ಟಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಅವರು ತುಂಗಭದ್ರೆಯ ದಂಡೆಗೆ ಹೋದರು. ಮಂಜಿನಲ್ಲಿ ಒಂಬತ್ತು ಜನ ಹೆಂಗಸರು ಬಿರಬಿರನೆ ನಡೆದು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಹಾಲವ್ವ, ಸೀರೆಯ ಕೆಳಗೆ ಮೊಮ್ಮಗಳ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬರುತ್ತಿದ್ದರು.

"ನಿಂತ್ಕೋ ಅಕ್ಕಾ, ಮಾತಾಡ್ಬೇಕು," ಎಂದರು ಕೆಂಚವೀರಪ್ಪ.

"ನಿಂತ್ರೆ ಬುಷ್ರಾ ಬೈತಾಳೆ. ಮಾತಾಡ್ಕೊಂತ ನಡಿ."

ಕೆಂಚವೀರಪ್ಪನವರು ಅಕ್ಕನ ಹಿಂದೆ ಹೆಜ್ಜೆ ಹಾಕಿದರು. ನೂರು ಹೆಜ್ಜೆಗೇ ಏದುಸಿರು ಬಂತು. ಹಿಂದಿನಿಂದ ಬಂದ ಇಬ್ಬರು ಅಜ್ಜಿಯರು ಅವರನ್ನು ದಾಟಿ, ದಾಟಿದ ಮೇಲೆ ತಿರುಗಿ ನೋಡಿ ನಕ್ಕು ಮುಂದೆ ಹೋದರು. ಅಕ್ಕ ತಮ್ಮನ ತೋಳು ಹಿಡಿದು ಎಳೆದುಕೊಂಡೇ ಸೇತುವೆಯ ಕಡೆಗೆ ನಡೆದರು. ಹೊಳೆಯ ಮೇಲಿನ ಮಂಜು ಆಗಷ್ಟೇ ಕರಗುತ್ತಿತ್ತು.